ಕೆಲಸವಲ್ಲ, ಬರೀ ಜಾಬು

ನಮ್ಮ ಬೈರಸಂದ್ರದ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದೆವು. ಕೆರ ಬಿಟ್ಟು, ರಾಶಿಗೆ ಕೈಮುಗಿದು, ಆಮೇಲೆ ಅಳೆಯಲು ಕೂರುತ್ತಿದ್ದೆವು. ಎಣಿಸುವ ಕೆಲಸಕ್ಕೆ ಅಷ್ಟು ಭಯಭಕ್ತಿ ಇತ್ತು. ಮನುಷ್ಯರನ್ನು ಎಣಿಸುತ್ತೇವೆಂದು ಬಂದ ಸರ್ಕಾರದವರು ಕೆರ ಬಿಡುವುದು ಹಾಗಿರಲಿ, ತಲೆ ಎತ್ತಿ ಎದುರಿಗಿದ್ದವಳ ಮುಖವನ್ನೂ ನೋಡಲಿಲ್ಲ. ನನ್ನ ತಮ್ಮ ಚಿಕ್ಕಬೈರಪ್ಪನ ಮಗಳು ಸೊಣ್ಣಮ್ಮನ ವಿಷಯ ಬರೆಯಲು ಕೂತರೆ ನನಗೆ ಮೊದಲು ಮೇಲೇಳುವುದು ಈ ಸಿಟ್ಟು. ಸಿಟ್ಟು ಆರಿದ ಮೇಲೆ ಬರೆಯಿರಿ ಎಂದವರಿದ್ದಾರೆ. ಆರಿದ ಮುದ್ದೆಯನ್ನು ಯಾರು ಮುರಿಯುತ್ತಾರೆ?

ನಮ್ಮ ಹೊಲ ಜಯನಗರ ಬಡಾವಣೆಗೆ ಹೋದಾಗ ಅವಳಿನ್ನೂ ಲಂಗ ಎತ್ತಿ ಕಟ್ಟಿಕೊಂಡು ಕೆರೆ ಏರಿಯ ಮೇಲೆ ಓಡುವ ಹುಡುಗಿ. ಅಳತೆ ಸರಪಳಿ ಎಳೆದರು, ಕಲ್ಲು ನೆಟ್ಟರು, ಅವರೆ ಸಾಲು ಇದ್ದ ಕಡೆ ರಸ್ತೆಗೆ ಜಲ್ಲಿ ಸುರಿದರು. ಕೊಟ್ಟವ ಕೋಡಂಗಿ, ಈಸಿಕೊಂಡವ ಈರಭದ್ರ. ನನ್ನ ತಮ್ಮ ಎತ್ತಿನ ಗಾಡಿ ಹೂಡಿಕೊಂಡು, ತಾನು ಉತ್ತ ಮಣ್ಣಿನ ಮೇಲೆಯೇ ಏಳುತ್ತಿದ್ದ ಪರರ ಮನೆಗಳಿಗೆ ಮರಳು ಹೊಡೆಯತೊಡಗಿದ. ಗಾಡಿಯ ಹಿಂದೆ ಕಾಲು ಇಳಿಬಿಟ್ಟುಕೊಂಡು ಕೂತು ಸೊಣ್ಣಮ್ಮ ಶಾಲೆಗೆ ಹೋಗುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದಾಗ ನಮ್ಮ ಕೇರಿಯಲ್ಲಿ ಆ ಪರೀಕ್ಷೆ ದಾಟಿದ ಹೆಣ್ಣು ಅವಳೊಬ್ಬಳೇ. ಅವಳ ತಾಯಿ ಗೌರಮ್ಮ ಗಂಡು ನೋಡಿ ಎಂದು ಪಟ್ಟು ಹಿಡಿದಳು.

“ಗಂಡು ಎಲ್ಲೂ ಓಡೋಗಲ್ಲ ಕಣವ್ವಾ,” ಎಂದಳು ಸೊಣ್ಣಮ್ಮ. “ನೆಲ ಹೋಯ್ತು. ಒಂದು ಕುರ್ಚಿನಾದ್ರೂ ಹಿಡ್ಕಂತೀನಿ. ಒಂದನೇ ತಾರೀಕು ಸಂಬಳ ತಂದು ಅಪ್ಪನ ಕೈಗೆ ಕೊಟ್ಟಮ್ಯಾಗೆ ಯಾರ್ನಾದ್ರೂ ಕರ್ಕಂಬಾ.”

ಅವಳಿಗೆ ಬೇಕಿದ್ದದ್ದು ಅದೊಂದೇ. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟಿನ ಒಂದು ಕುರ್ಚಿ. ಅದಕ್ಕೆ ದಾರಿಯೂ ಒಂದೇ ಇತ್ತು. ಕೆಲಸವಿಲ್ಲದವರು ಹೆಸರು ಬರೆಸುವ ಕಚೇರಿಯೊಂದು ಪೇಟೆಯಲ್ಲಿತ್ತು. ಅಲ್ಲಿ ಹೆಸರು ಬರೆಸಿ, ಆಗಾಗ ಹೋಗಿ ಹೊಸದು ಮಾಡಿಸಿಕೊಂಡು, ಸರದಿ ಬರುವವರೆಗೆ ಕಾಯಬೇಕು. ಸರದಿ ಬಂದರೆ ಇಂಟರ್‌ವ್ಯೂಗೆ ಕಾರ್ಡು ಬರುತ್ತದೆ. ವಯಸ್ಸಿನ ಗಡಿ ದಾಟುವುದರೊಳಗೆ ಬಂದರೆ ಪುಣ್ಯ.

ಟೈಪಿಂಗ್ ಕಲಿಯಲು ಅವಳು ಮೂರನೇ ಬ್ಲಾಕಿನಲ್ಲಿ ತಿರುಮಲೇಶ ಎಂಬುವನು ನಡೆಸುತ್ತಿದ್ದ ಇನ್‌ಸ್ಟಿಟ್ಯೂಟಿಗೆ ಸೇರಿದಳು. ಮೊದಲ ದಿನವೇ ಅವನು ಎಲ್ಲರ ಮುಂದೆ ಅಣಕಿಸಿದನಂತೆ.

“ಏನಮ್ಮ, ಈ ಕಿರುಬೆರಳು ಕಳೆ ಕೀಳೋಕೆ ಸರಿ. ‘ಎ’ ಒತ್ತೋಕಾಗತ್ತಾ?”

“ಕಳೆ ಕಿತ್ತ ಬೆರಳು ಸಾರ್, ಬೇರು ಸಮೇತ ಒತ್ತುತ್ತೆ. ನಿಮ್ ಮಿಷಿನ್‌ಗೆ ಮೊದ್ಲು ಎಣ್ಣೆ ಬಿಡಿ, ನಮ್ಮಪ್ಪನ ಗಾಡಿಗಿಂತ ಜಾಸ್ತಿ ಕಿರ್ ಅಂತೈತೆ.”

ಟೈಪಿಂಗ್ ಪರೀಕ್ಷೆಯಲ್ಲಿ ಲೋಯರ್ ಪಾಸಾದಳು, ಹೈಯರ್ ಪಾಸಾದಳು. ಹೆಸರು ಬರೆಸಿ ಬಂದಳು. ಸರದಿ ಬರುವವರೆಗೆ ಕೈ ಖಾಲಿ ಬಿಡಬಾರದೆಂದು ತಿರುಮಲೇಶನ ಬಳಿಯೇ ಉಳಿದಳು. ಅವನ ಅಂಗಡಿಯಲ್ಲಿ ಎರಡು ಜಾತಿಯ ಹುಡುಗಿಯರು. ಫೀಜು ಕೊಟ್ಟು ಕಲಿಯುವವರು ಒಂದು ಜಾತಿ. ಕಲಿತು ಮುಗಿಸಿ, ವಕೀಲರ ಅಫಿಡವಿಟ್ಟು, ಮೇಷ್ಟ್ರುಗಳ ಪ್ರಬಂಧ, ಮನೆ ಕಟ್ಟುವವರ ಎಸ್ಟಿಮೇಟು ಇವನ್ನೆಲ್ಲ ಹಾಳೆಗೆ ಇಷ್ಟು ಎಂದು ಟೈಪು ಮಾಡಿಕೊಡುವವರು ಇನ್ನೊಂದು ಜಾತಿ. ಈ ಬಿಡಿಕೆಲಸಕ್ಕೆ ಟೈಪಿಂಗ್‌ನವರ ಬಾಯಲ್ಲಿ ‘ಜಾಬು’ ಎಂದು ಹೆಸರು. ಬೋರ್ಡಿನ ಮೇಲೂ ಹಾಗೇ ಬರೆಸಿದ್ದ. ‘ಇವತ್ತು ಜಾಬು ಇದೆಯಾ?’ ‘ಜಾಬು ಜಾಸ್ತಿ ಇದೆ, ಬೇಗ ಬಾ’ ಎಂದು ಹುಡುಗಿಯರು ಮಾತಾಡಿಕೊಳ್ಳುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ‘ಕೆಲಸ’ ಎಂದರೆ ಬೇರೆ. ಕೆಲಸ ಎಂದರೆ ಸಂಬಳ, ರಜೆ, ಮುಪ್ಪಿಗೆ ಪಿಂಚಣಿ. ಬೆನ್ನು ಮುರಿಯುವಷ್ಟು ಜಾಬು ಮಾಡಿ ಮನೆಗೆ ಬಂದವಳನ್ನು ಕೇಳಿದರೂ ‘ನನಗೆ ಕೆಲಸ ಇಲ್ಲ’ ಎಂದೇ ಹೇಳುತ್ತಿದ್ದಳು. ಅದು ಸುಳ್ಳಲ್ಲ. ನಮ್ಮ ಕಡೆ ಆ ಮಾತಿಗೆ ಇರುವ ಅರ್ಥವೇ ಅದು.

ಈ ಎರಡು ಮಾತುಗಳ ನಡುವೆ ನಮ್ಮ ಹುಡುಗಿ ಬಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ.

ಅರವತ್ತಮೂರನೇ ಇಸವಿಯಲ್ಲಿ ಸರ್ಕಾರದ ಒಂದು ಇಲಾಖೆಗೆ ಹೊಸ ಹುರುಪು ಬಂತು. ಮೈಸೂರು ರಾಜ್ಯದಲ್ಲಿ ಹೊಲ, ಮಿಲ್ಲು ಬಿಟ್ಟು ಕಾಗದ ಪತ್ರದ ಕಸುಬಿನಲ್ಲಿ, ಅಂದರೆ ವಕೀಲರ ಗುಮಾಸ್ತರು, ಲೆಕ್ಕ ಬರೆಯುವವರು, ನಕ್ಷೆ ಎಳೆಯುವವರು, ಟೈಪಿಸ್ಟರು, ಇಂಥವರಲ್ಲಿ ಎಷ್ಟು ಜನಕ್ಕೆ ಕೆಲಸ ಇದೆ, ಎಷ್ಟು ಜನಕ್ಕೆ ಇಲ್ಲ ಎಂದು ತಿಳಿಯಬೇಕಂತೆ. ಜಯನಗರದ ಪಾಲಿಗೆ ಸೀನು ಎಂಬ ಹುಡುಗನನ್ನು ಕಳಿಸಿದರು. ಇಸ್ತ್ರಿ ಷರಟು, ಜೇಬಿನಲ್ಲಿ ಎರಡು ಪೆನ್ನು. ಅವನು ತಿರುಮಲೇಶನ ಅಂಗಡಿಗೆ ಬಂದು ನಿಂತಾಗ ಸೊಣ್ಣಮ್ಮ ಪ್ರತಿ ತೆಗೆಯುವ ಸ್ಟೆನ್ಸಿಲ್ ಹಾಳೆಯನ್ನು ಮಿಷಿನ್‌ನಲ್ಲಿ ಕೊರೆಯುತ್ತಿದ್ದಳು.

“ಇಲ್ಲಿ ಕೆಲ್ಸ ಮಾಡೋರು ಎಷ್ಟು ಜನ?”

ತಿರುಮಲೇಶ ಹಲ್ಲು ಬಿಟ್ಟ. ಕೆಲಸದವರು ಎಂದು ತೋರಿಸಿದರೆ ವಾರದ ರಜೆ ಕೊಡಬೇಕು, ಅಂಗಡಿ ಕಾಯಿದೆ ತಲೆಗೆ ಸುತ್ತಿಕೊಳ್ಳುತ್ತದೆ. “ಅಯ್ಯೋ, ಕೆಲ್ಸದೋರು ಯಾರೂ ಇಲ್ಲ ಸಾರ್. ಎಲ್ಲ ಕಲಿಯೋಕೆ ಬರೋ ಮಕ್ಕಳು.”

ಸೀನು ಸೊಣ್ಣಮ್ಮನ ಕಡೆ ಪೆನ್ನು ತಿರುಗಿಸಿದ. “ನಿಂಗೆ ಕೆಲ್ಸ ಇದೆಯೇನಮ್ಮ?”

“ಕೆಲ್ಸ ಎಲ್ಲಿಂದ ಬರ್ಬೇಕು ಸಾರ್? ಇಲ್ಲ.”

ಅವನು ಬರೆದುಕೊಂಡ. ಕಲಿಯುವವಳು, ಕೆಲಸವಿಲ್ಲ. ಆ ಹೊತ್ತಿನಲ್ಲಿ ಅವಳ ಹತ್ತು ಬೆರಳೂ ಮಿಷಿನ್ ಮೇಲೆ ಇದ್ದವು. ಮೇಜಿನ ಮೇಲೆ ಅವಳೇ ಮುಗಿಸಿದ ಹಾಳೆಗಳು ಗುಡ್ಡೆ ಬಿದ್ದಿದ್ದವು. ಕಣ್ಣಿದ್ದವನು ನೋಡುತ್ತಿದ್ದ. ಇವನಿಗೆ ಕೇಳಲು ಕಲಿಸಿದ್ದರು, ನೋಡಲು ಕಲಿಸಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಅವಳು ಹೆಸರು ಹೊಸದು ಮಾಡಿಸಲು ಪೇಟೆಯ ಕಚೇರಿಗೆ ಹೋದಳು. ಕಿಟಕಿಯ ಹಿಂದಿದ್ದ ಗುಮಾಸ್ತ ಕೇಳಿದ, “ಈಗ ಏನ್ ಮಾಡ್ತಿದೀಯ?”

“ಕೆಲ್ಸ ಇಲ್ಲ ಸಾರ್. ಬರೀ ಜಾಬು ಮಾಡ್ತೀನಿ.”

ಅವನು ಕೊನೆಯ ಮಾತನ್ನು ಹಿಡಿದುಕೊಂಡ. ಜಾಬ್ ಎಂದು ಇಂಗ್ಲಿಷಿನಲ್ಲಿ ಬರೆದು, ಹೆಸರಿನ ಮೇಲೆ ಗೀಟು ಎಳೆದ. ಕೆಲಸ ಸಿಕ್ಕಿದೆ, ಪಟ್ಟಿಯಿಂದ ತೆಗೆದಿದೆ. ಅವಳಿಗೆ ಒಂದು ಮಾತು ಹೇಳಲಿಲ್ಲ. ಇಲ್ಲ ಎಂದವಳ ‘ಇಲ್ಲ’ ಅವನ ಕಿವಿಗೆ ಬೀಳಲಿಲ್ಲ, ಇಂಗ್ಲಿಷಿನ ಒಂದು ತುಣುಕು ಬಿತ್ತು. ಆ ಕಿವಿಗೆ ಕಾದ ಎಣ್ಣೆ ಹುಯ್ಯಬೇಕು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ತಿಳಿದದ್ದು ಹೇಗೆ ಎಂದರೆ, ಅವಳ ಜೊತೆ ಕಲಿತ ಜಯಾ ಎಂಬ ಹುಡುಗಿ ಒಂದು ದಿನ ಮೈಸೂರುಪಾಕು ತಂದುಕೊಟ್ಟಳು. ಕಾರ್ಡು ಬಂದು, ಇಂಟರ್‌ವ್ಯೂ ಆಗಿ, ಕೆಲಸವೂ ಆಗಿತ್ತು. ಜಯಾ ಹೆಸರು ಬರೆಸಿದ್ದು ಇವಳಿಗಿಂತ ಎಷ್ಟೋ ಆಮೇಲೆ. ಸೊಣ್ಣಮ್ಮ ಸಿಹಿ ಬಾಯಿಗಿಟ್ಟುಕೊಂಡಳು, ಅಗಿದಳು, ನುಂಗಲಿಲ್ಲ. ನೇರ ನಮ್ಮ ಮನೆಗೆ ಬಂದಳು. “ದೊಡ್ಡಪ್ಪ, ರುಮಾಲು ಸುತ್ಕಳಿ. ಆಫೀಸ್‌ಗೆ ಹೋಗ್ಬೇಕು.”

ನಾನು ಕೂಲಿಮಠದ ಮೆಟ್ಟಿಲನ್ನೂ ಹತ್ತಿದವನಲ್ಲ. ಬೆಲ್ಲ ಕಟ್ಟಿಕೊಟ್ಟ ಕಾಗದ ಓದಿ ಓದಿ ಅಕ್ಷರ ಕಲಿತವನು. ಆದರೂ ಯಾವ ಕಚೇರಿಯ ಬಾಗಿಲಿಗೂ ತಲೆ ಬಗ್ಗಿಸಿ ಹೋಗಿಲ್ಲ. ಹೋದೆವು. ಅದೇ ಗುಮಾಸ್ತ.

“ನಿಂಗೆ ಜಾಬ್ ಸಿಕ್ಕಿದೆ ಅಂತ ಇದೆಯಲ್ಲಮ್ಮ.”

“ಎಲ್ ಸಿಕ್ತು ಸಾರ್?”

“ಅದು ನಿಂಗೆ ಗೊತ್ತಿರ್ಬೇಕು.”

“ಸಿಕ್ಕಿದ್ರೆ ನಿಮ್ ಕಿಟ್ಕಿ ಮುಂದೆ ಯಾಕೆ ನಿಂತ್ಕಂತಿದ್ದೆ? ಜಾಬು ಅಂದ್ರೆ ಬಿಡಿ ಟೈಪಿಂಗು ಸಾರ್. ಹಾಳೆಗಿಷ್ಟು ಅಂತ.”

“ಹಂಗಂತ ಆ ಜಾಬು ಕೊಟ್ಟೋರು ಬರೆದುಕೊಡಲಿ. ಇಲ್ಲಾಂದ್ರೆ ಕೆಲ್ಸ ಇಲ್ಲ ಅಂತ ಯಾರಾದ್ರೂ ಅಧಿಕಾರಿ ಬರೆದುಕೊಡಲಿ.”

ನಾನು ಬಾಯಿ ಹಾಕಿದೆ. “ಸ್ವಾಮಿ, ನಿಮ್ ಸರ್ಕಾರದೋನೇ ಒಬ್ಬ ಬಂದು ಇವ್ಳಿಗೆ ಕೆಲ್ಸ ಇಲ್ಲ ಅಂತ ಬರ್ಕಂಡು ಹೋಗವ್ನೆ. ಅದು ಆಗಕಿಲ್ವಾ?”

“ಅದು ಬೇರೆ ಇಲಾಖೆ ಯಜಮಾನ್ರೇ. ಅವ್ರ ಲೆಕ್ಕ ಅವ್ರಿಗೆ, ನಮ್ ಲೆಕ್ಕ ನಮ್ಗೆ.”

“ಹುಡುಗಿ ಒಬ್ಳೇ ಅಲ್ವಾ?”

ಅವನು ನನ್ನ ರುಮಾಲು ನೋಡಿದ, ಪಕ್ಕದವನನ್ನು ನೋಡಿ ನಕ್ಕ. “ನೆಕ್ಸ್ಟ್” ಎಂದ.

ಅಲ್ಲಿಂದ ತಿರುಮಲೇಶನ ಹತ್ತಿರ ಹೋದೆವು. ಇವಳು ನನ್ನಲ್ಲಿ ಹಾಳೆ ಲೆಕ್ಕದಲ್ಲಿ ದುಡಿಯುತ್ತಾಳೆ, ಸಂಬಳದ ಕೆಲಸ ಕೊಟ್ಟಿಲ್ಲ ಎಂದು ಒಂದು ಸಾಲು ಬರೆದುಕೊಡಪ್ಪ ಎಂದೆ. ಅವನು ಮೂಗು ಉಜ್ಜಿಕೊಂಡ.

“ಎಲ್ರೂ ಕಲಿಯೋಕೆ ಬರೋರು ಅಂತ ಮೊನ್ನೆ ಸರ್ಕಾರಕ್ಕೆ ಹೇಳಿದೀನಲ್ಲ ಯಜಮಾನ್ರೇ. ಈಗ ದುಡಿಯೋಳು ಅಂತ ಬರ್ಕೊಟ್ರೆ ನನ್ ಕುತ್ತಿಗೆಗೇ ಬರತ್ತೆ.”

“ವರ್ಷಗಟ್ಲೆ ನಿನ್ನ ಮಿಷಿನ್ ಕುಟ್ಟವ್ಳೆ. ಕಲಿಯೋಳು ಅಂತೀಯಾ?”

“ವಿದ್ಯೆ ಮುಗಿಯೋದು ಅಂತ ಇದೆಯಾ?” ಎಂದು ವೇದಾಂತ ಹೇಳಿದ. ಅವನ ಬಾಗಿಲಲ್ಲೇ ಕ್ಯಾಕರಿಸಿ ಉಗಿದು ಬಂದೆ. ಸೊಣ್ಣಮ್ಮ ನನ್ನನ್ನು ತೋಳು ಹಿಡಿದು ಎಳೆದುಕೊಂಡು ಬಂದಳು.

ಕೆಲಸ ಇದೆ ಎಂದು ತೋರಿಸಲೂ ಆಗದು, ಇಲ್ಲ ಎಂದು ತೋರಿಸಲೂ ಆಗದು. ಕಲ್ಲು ಹೊಡೆಯುವವನನ್ನು ಕೇಳಿದರೆ ಕಲ್ಲು ತೋರಿಸುತ್ತಾನೆ. ಇವಳು ಏನನ್ನು ತೋರಿಸಬೇಕು? ಟೈಪು ಮಾಡಿದ ಕಾಗದವನ್ನೆಲ್ಲ ಅವರವರು ತೆಗೆದುಕೊಂಡು ಹೋಗುತ್ತಾರೆ, ಅದರ ಕೆಳಗೆ ಅವರವರ ರುಜು ಇರುತ್ತದೆ.

ಅಷ್ಟರಲ್ಲಿ ಆ ಹೆಸರು ಬರೆಸುವ ಕಚೇರಿಯ ದೊಡ್ಡ ಅಧಿಕಾರಿ ಜಯದೇವಪ್ಪನವರು ಜಯನಗರದಲ್ಲಿ ಭಾಷಣ ಮಾಡುತ್ತಾರೆಂದು ಗೊತ್ತಾಯಿತು. ಪಾರ್ಕಿನ ಪಕ್ಕ ಶಾಮಿಯಾನ, ಬಡಾವಣೆಯ ದೊಡ್ಡ ಮನುಷ್ಯರು, ಕೇಸರಿಬಾತು. ನಾವು ಹಿಂದೆ ಕೂತೆವು. ಜಯದೇವಪ್ಪನವರು ಕನ್ನಡಕ ಏರಿಸಿಕೊಂಡು ಓದಿದರು. ನಮ್ಮ ರಾಜ್ಯದಲ್ಲಿ ಕಚೇರಿ ಕಸುಬುಗಳು ದಿನೇ ದಿನೇ ಬೆಳೆಯುತ್ತಿವೆ, ಟೈಪಿಂಗ್ ಕಲಿತ ಹೆಣ್ಣುಮಕ್ಕಳೇ ಎಷ್ಟೋ ಜನ ಈ ವರ್ಷ ಕೆಲಸ ಕಂಡುಕೊಂಡಿದ್ದಾರೆ, ಕಾಯುವವರ ಸಾಲು ಚಿಕ್ಕದಾಗುತ್ತಿದೆ, ಇದೇ ಅದಕ್ಕೆ ಸಾಕ್ಷಿ ಎಂದರು. ಜನ ಚಪ್ಪಾಳೆ ತಟ್ಟಿದರು.

ಸಾಲು ಹೇಗೆ ಚಿಕ್ಕದಾಯಿತು ಎಂದು ನನಗೆ ಆಗ ಹೊಳೆಯಿತು. ಗೀಟು ಎಳೆದ ಹೆಸರುಗಳೆಲ್ಲ ಇವರ ಬಾಯಲ್ಲಿ ಕೆಲಸ ಸಿಕ್ಕಿದವರು! ಜೊಳ್ಳನ್ನೂ ಕಾಳನ್ನೂ ಒಟ್ಟಿಗೆ ತೂರಿ, ಗಾಳಿಗೆ ಹಾರಿದ್ದನ್ನೇ ಫಸಲು ಎಂದು ಅಳೆದಿದ್ದರು. ನಾನು ಏಳುವಷ್ಟರಲ್ಲಿ ಸೊಣ್ಣಮ್ಮ ಎದ್ದು ನಿಂತಿದ್ದಳು.

“ಸಾರ್, ನಿಮ್ ಲೆಕ್ಕದಲ್ಲಿ ನಂಗೂ ಕೆಲ್ಸ ಸಿಕ್ಕೈತೆ. ಯಾವ ಆಫೀಸು, ಯಾವ ಕುರ್ಚಿ, ತೋರ್ಸಿ. ನಾಳೆಯಿಂದ ಹೋಗಿ ಕೂತ್ಕಂತೀನಿ.”

ಜಯದೇವಪ್ಪನವರು ಪಕ್ಕದವನ ಕಿವಿಯಲ್ಲಿ ಏನೋ ಕೇಳಿದರು. ಪಕ್ಕದಲ್ಲಿದ್ದವನು ಅದೇ ಗುಮಾಸ್ತ. ಅವರು ಮೈಕಿನ ಹತ್ತಿರ ಬಂದು ನಗುನಗುತ್ತಾ, “ಜಾಬ್ ಮಾಡ್ತೀನಿ ಅಂತ ನೀವೇ ಬರೆಸಿದೀರಂತಲ್ಲಮ್ಮ. ಈಗ ಕುರ್ಚಿ ಕಳೆದುಹೋಯ್ತಾ?” ಎಂದರು.

ಇಡೀ ಶಾಮಿಯಾನ ನಕ್ಕಿತು. ನಮ್ಮ ಹೊಲದ ಮೇಲೆ ಮನೆ ಕಟ್ಟಿಕೊಂಡವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೋ “ಕೂತ್ಕೋಮ್ಮ, ಕಾಫಿ ಬರತ್ತೆ” ಎಂದರು. ಸೊಣ್ಣಮ್ಮ ಕೂರಲಿಲ್ಲ. ಜಾಬು ಎಂದರೇನು ಎಂದು ಹೇಳಲು ಬಾಯಿ ತೆಗೆದಳು. ಅಷ್ಟರಲ್ಲಿ ಯಾರೋ ಗ್ರಾಮಫೋನು ಹಚ್ಚಿದರು. ಅವಳು ಮಾತಾಡುತ್ತಲೇ ಇದ್ದಳು. ತುಟಿ ಆಡುವುದು ನನಗೆ ಕಾಣಿಸುತ್ತಿತ್ತು, ಪಕ್ಕದಲ್ಲಿದ್ದ ನನಗೇ ಮಾತು ಕೇಳಿಸಲಿಲ್ಲ.

ಮರುದಿನ ತಿರುಮಲೇಶ ಬಾಗಿಲಲ್ಲೇ ತಡೆದ. “ಸಭೇಲಿ ಹಂಗೆ ಮಾತಾಡಿದ್ರೆ ನಾಳೆ ನನ್ ಅಂಗ್ಡಿಗೆ ಕಾಯ್ದೆ ಇನ್‌ಸ್ಪೆಕ್ಟರ್ ಬರ್ತಾನೆ. ನೀನು ಬೇರೆ ಕಡೆ ಕಲ್ತ್ಕೋ ಹೋಗಮ್ಮ.” ಕಲ್ತ್ಕೋ ಎಂದನಂತೆ, ಆಗಲೂ!

ಜಯದೇವಪ್ಪನವರಿಗೂ ಒಳಗೊಳಗೇ ಚುಚ್ಚಿರಬೇಕು. ಕೆಲವು ದಿನ ಬಿಟ್ಟು ಕರೆಸಿದರು. ಹೆಸರು ಮತ್ತೆ ಸೇರಿಸುತ್ತೇವೆ, ಆದರೆ ಇವತ್ತಿನ ತಾರೀಕಿನಿಂದ ಎಂದರು. ಅಂದರೆ ಸಾಲಿನ ಬಾಲಕ್ಕೆ. ಇಷ್ಟು ವರ್ಷ ನಿಂತ ಕಾಲಿಗೆ ಲೆಕ್ಕವಿಲ್ಲ.

“ಮುಖಕ್ಕೆ ಎಸೆದು ಬಾರವ್ವ,” ಎಂದೆ ನಾನು.

ಅವಳು ರುಜು ಹಾಕಿದಳು. ಹೊರಗೆ ಬಂದ ಮೇಲೆ ನಾನು ಬೈದೆ. ಮಾನ ಮರ್ಯಾದೆ ಇಲ್ಲವೇ ಎಂದೆ.

“ಕೋಪ ನೀವ್ ಮಾಡ್ಕಳಿ ದೊಡ್ಡಪ್ಪ,” ಎಂದಳು, ಕಣ್ಣು ಕೆಂಪಗಿತ್ತು. “ನಿಮ್ಗೆ ಉಳ್ದ ಚೂರು ಹೊಲದ ರಾಗಿಯಾದ್ರೂ ಐತೆ ಮನೇಲಿ. ನಂಗೆ ವಯಸ್ಸು ಹೋಯ್ತಾ ಐತೆ.”

ವಯಸ್ಸು ಹೋಯಿತು. ಸಾಲು ಜರುಗುವುದರೊಳಗೆ ಗಡಿ ದಾಟಿತು, ಕಾರ್ಡು ಬರಲೇ ಇಲ್ಲ. ಆ ನಡುವೆ ಬಂದ ಎರಡು ಗಂಡುಗಳನ್ನು ಅವಳೇ ವಾಪಸು ಕಳಿಸಿದಳು. ಹಟ ಎಂದರು ಊರಿನವರು. ಹಟವೇ. ಕುರ್ಚಿ ಕೊಡದೆ ಕಾಯಿಸಿದವರಿಗೆ ಹಟ ಎನ್ನುವುದಿಲ್ಲ, ಕಾದವಳಿಗೆ ಎನ್ನುತ್ತಾರೆ.

ಆಮೇಲೆ ಅವಳು ಬೈರಸಂದ್ರದ ಮನೆಯ ಮುಂದಿನ ಅಂಕಣದಲ್ಲೇ ಹಳೆಯ ಮಿಷಿನ್ ಇಟ್ಟುಕೊಂಡು ಕೂತಳು. ತಿರುಮಲೇಶನ ವಕೀಲರು ಒಬ್ಬೊಬ್ಬರೇ ಇವಳ ಹತ್ತಿರ ಬಂದರು. ಎರಡನೇ ಮಿಷಿನ್ ಬಂತು, ಅದಕ್ಕೆ ಕಾತ್ಯಾಯಿನಿ ಎಂಬ ಹುಡುಗಿ ಬಂದಳು. ಅಪ್ಪ ರಿಟೈರಾದ ಮನೆಯವಳು, ತಿದ್ದಿದ ಕನ್ನಡ, ಚುರುಕು ಕೈ. ಸೊಣ್ಣಮ್ಮ ಅವಳಿಗೆ ಹಾಳೆ ಲೆಕ್ಕ ಮಾಡಲಿಲ್ಲ. ಒಂದನೇ ತಾರೀಕು ಸಂಬಳ, ಭಾನುವಾರ ರಜೆ. “ನನ್ ಬಾಗ್ಲಲ್ಲಿ ಜಾಬು ಅನ್ನೋ ಮಾತು ಆಡ್ಬಾರ್ದು,” ಎಂದು ತಾಕೀತು. ನೋಡಿ ನನ್ನ ಎದೆ ಉಬ್ಬಿತ್ತು.

ಹೋದ ವರ್ಷ, ಅರವತ್ತೆಂಟರಲ್ಲಿ, ಅಂಗಡಿಯನ್ನು ಕಾಯಿದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕೆಂದು ಅವಳೇ ಹೊರಟಳು. ಯಾರೂ ಕೇಳಿರಲಿಲ್ಲ. ಇನ್‌ಸ್ಪೆಕ್ಟರ್ ನೋಡಲು ಬರುತ್ತೇನೆಂದ ದಿನ ಬೆಳಿಗ್ಗೆ ನನ್ನನ್ನು ಕರೆದು ಕೂರಿಸಿಕೊಂಡು, “ಮೊದ್ಲು ಇವ್ಳ ಹೆಸ್ರೇ ಹೇಳ್ತೀನಿ ದೊಡ್ಡಪ್ಪ. ಕಾತ್ಯಾಯಿನಿ, ಕೆಲ್ಸ ಟೈಪಿಸ್ಟು, ಸಂಬಳದೋಳು,” ಎಂದಳು.

ಕಾತ್ಯಾಯಿನಿ ಮಿಷಿನ್ ನಿಲ್ಲಿಸಿದಳು. “ಅಕ್ಕಾ, ದಯವಿಟ್ಟು ಹೇಳ್ಬೇಡಿ.”

“ಯಾಕೆ?”

“ನಾನು ಹೆಸರು ಬರೆಸಿದೀನಲ್ಲ. ಕೆಲಸ ಇದೆ ಅಂತ ಎಲ್ಲಾದ್ರೂ ದಾಖಲಾದ್ರೆ ತೆಗೆದುಹಾಕ್ತಾರೆ. ನನ್ನ ಸರದಿ ಹತ್ತಿರ ಬಂದಿದೆ ಅಕ್ಕ. ನಮ್ಮಪ್ಪ ಅದೊಂದನ್ನೇ ನಂಬಿಕೊಂಡಿದಾರೆ.”

“ನಾನ್ ಕೊಡೋದು ಕೆಲ್ಸ ಅಲ್ವೇನೇ?”

“ಕೆಲಸಾನೇ. ಆದ್ರೆ… ನಿಮಗೇ ಗೊತ್ತಲ್ಲ.”

ಅವಳಿಗೆ ಗೊತ್ತಿರಲಿಲ್ಲವೇ! ಸೊಣ್ಣಮ್ಮ ನನ್ನ ಕಡೆ ತಿರುಗಿದಳು. ಹೇಳು ಎಂದರೆ ಆ ಮಗುವಿನ ಸರದಿ ಹೋಗುತ್ತದೆ, ಹೇಳಬೇಡ ಎಂದರೆ ಇವಳ ಬದುಕಿನ ಛಲ ಹೋಗುತ್ತದೆ. ಎಂಥ ಉರುಳು ಹೆಣೆದಿದ್ದಾರೆ ನೋಡಿ! ಅನ್ಯಾಯ ಮಾಡುವವನು ಎದುರಿಗೆ ಬರುವುದೇ ಇಲ್ಲ, ಅನ್ಯಾಯ ಉಂಡವಳ ಕೈಯಲ್ಲೇ ಅದನ್ನು ಇನ್ನೊಬ್ಬಳಿಗೆ ಬಡಿಸುತ್ತಾನೆ.

ಇನ್‌ಸ್ಪೆಕ್ಟರ್ ಬಂದ. ಒಳ್ಳೆಯ ಮನುಷ್ಯನೇ, ಕೆರ ಬಿಟ್ಟೇ ಒಳಗೆ ಬಂದ. ಎರಡು ಮಿಷಿನ್ ನೋಡಿದ, ಕಾತ್ಯಾಯಿನಿಯನ್ನು ನೋಡಿದ.

“ಈ ಹುಡುಗಿ ಯಾರಮ್ಮ? ಕೆಲಸದವರಾ?”

ಕಾತ್ಯಾಯಿನಿ ತಲೆ ತಗ್ಗಿಸಿದ್ದಳು. ಸೊಣ್ಣಮ್ಮ ಸೆರಗು ಸರಿಮಾಡಿಕೊಂಡಳು.

“ಅಲ್ಲ ಸಾರ್,” ಎಂದಳು. “ಕಲಿಯೋಕೆ ಬರ್ತಾಳೆ.”

ಅವನು ಹೋದ. ತಿರುಮಲೇಶ ಆ ಮಾತಾಡಿದಾಗ ಅವನ ಬಾಗಿಲಲ್ಲಿ ಉಗಿದಿದ್ದೆ. ಈಗ ಯಾರ ಬಾಗಿಲು ಹುಡುಕಿಕೊಂಡು ಹೋಗಲಿ? ಸೊಣ್ಣಮ್ಮ ಅರ್ಧಕ್ಕೆ ಬಿಟ್ಟಿದ್ದ ಅಫಿಡವಿಟ್ಟಿಗೆ ಕೂತಳು. ಎಷ್ಟು ಬಿರುಸಾಗಿ ಕುಟ್ಟಿದಳೆಂದರೆ ಇಂಗ್ಲಿಷಿನ ‘ಓ’ ಅಕ್ಷರ ಬಂದ ಕಡೆಯೆಲ್ಲ ಹಾಳೆ ತೂತು ಬಿತ್ತು. ಆ ಹಾಳೆಯನ್ನು ಕಿತ್ತೆಸೆದು ಹೊಸದು ತೂರಿಸಿದಳು.

“ಏನ್ ದೊಡ್ಡಪ್ಪ ಹಂಗೆ ನಿಂತಿದೀರ? ವಕೀಲ್ರು ಇನ್ನೇನು ಬತ್ತಾರೆ. ಆ ಕಾರ್ಬನ್ ಕೊಡಿ ಇತ್ಲಾಗೆ.”

ಕೊಟ್ಟೆ.